ಜರಗನಹಳ್ಳಿಯ ಹಗೇವು ಮುಚ್ಚಿಕೊಟ್ಟವರಿಗೆ

ಗುಂಡಿ ನಿವಾರಣಾ ಉಪವಿಭಾಗದ ಸಹಾಯಕ ಎಂಜಿನಿಯರ್ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮಗೂ, ತಮ್ಮ ಮೇಸ್ತ್ರಿಗಳಿಗೂ, ತಮ್ಮ ಗುತ್ತಿಗೆದಾರರಿಗೂ ಜರಗನಹಳ್ಳಿ ಗ್ರಾಮಚರಿತ್ರೆ ಮ್ಯೂಸಿಯಂನ ಸ್ವಯಂಸೇವಕರೆಲ್ಲರ ಪರವಾಗಿ ನಮಸ್ಕಾರಗಳು. ಕನಕಪುರ ರಸ್ತೆಯಿಂದ ಪುಟ್ಟೇನಹಳ್ಳಿಯವರೆಗೆ ಗುಂಡಿಗಳು ಮಕ್ಕಳುಮರಿ ಮಾಡಿಕೊಂಡು ಸುಖವಾಗಿರುವ ಈ ೨೦೦೩ನೇ ಇಸವಿಯಲ್ಲಿ, ಒಂದು ಗುಂಡಿಯನ್ನು ಒಂದೇ ದಿನದಲ್ಲಿ, ಜಲ್ಲಿ ತುಂಬಿ, ಕಾಂಕ್ರೀಟ್ ಸುರಿದು, ಅಂಚು ನಯಮಾಡಿ ಮುಚ್ಚಿದ ಕೀರ್ತಿ ತಮ್ಮದು. ಇಡೀ ಬಡಾವಣೆಯಲ್ಲಿ ಮುಚ್ಚಬಾರದಿದ್ದ ಗುಂಡಿ ಅದೊಂದೇ ಎಂಬುದು ತೀರಾ ಸಣ್ಣ ವಿಚಾರ. ಆದರೂ ನಿವೃತ್ತ ಮೇಷ್ಟರಮ್ಮನಾದ ನನಗೆ ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುವ ಚಾಳಿ ಇನ್ನೂ ಬಿಟ್ಟಿಲ್ಲ.

ನಮ್ಮ ಮ್ಯೂಸಿಯಂ ತಮ್ಮ ಕಣ್ಣಿಗೆ ಬೀಳುವಷ್ಟು ದೊಡ್ಡದಲ್ಲ. ಹಳೆಯ ಊರಿನ ಗೌರಮ್ಮನವರ ಎರಡು ಕೋಣೆಯ ಹೆಂಚಿನ ಮನೆ, ಒಂದು ಬೀಸುಕಲ್ಲು, ಎತ್ತು ಹೂಡಿ ನೀರೆತ್ತುತ್ತಿದ್ದ ಕಪಿಲೆ ಬಾವಿಯ ಚರ್ಮದ ಚೀಲ, ಭಾನುವಾರಗಳಲ್ಲಿ ಧೂಳು ಒರೆಸಲು ಬರುವ ನಾವು ನಾಲ್ಕಾರು ಜನ, ಇಷ್ಟೇ. ನಮ್ಮ ಹೆಮ್ಮೆಯೆಲ್ಲ ಅಂಗಳದಲ್ಲಿದ್ದ ಹಗೇವಿನ ಮೇಲೆ. ತಾವು ನೆಲದ ಮೇಲಿನ ಕೆಲಸದವರಾದ್ದರಿಂದ ವಿವರಿಸುತ್ತೇನೆ: ಹಗೇವೆಂದರೆ ರಾಗಿ ಕೂಡಿಡಲು ನೆಲದೊಳಗೆ ತೋಡಿದ ಕಣಜ, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಹಳೆಯ ಮನೆಗಳವರೆಲ್ಲ ಈ ವರ್ಷ ರಾಗಿ ತಂದುಕೊಟ್ಟಿದ್ದರು. ಅದನ್ನು ಕತ್ತಿನವರೆಗೆ ತುಂಬಿ, ಹುಲ್ಲು ಹಾಸಿ, ಜೇಡಿಮಣ್ಣು ಮೆತ್ತಿ, ಮೇಲಿನ ಚಪ್ಪಡಿಯನ್ನು ಮಾತ್ರ ಭಾನುವಾರ ಶಾಲಾ ಮಕ್ಕಳೆದುರು ಹಾಕೋಣವೆಂದು ಬಾಯಿ ತೆರೆದಿಟ್ಟಿದ್ದೆವು.

ಆ ಜಾಗದಲ್ಲಿ ನಾಲ್ಕು ಅಂಗಡಿ ಮಳಿಗೆ ಎಬ್ಬಿಸಬೇಕೆಂಬುದು ಗೌರಮ್ಮನವರ ಮಗ ದಿನೇಶರ ಬಹುದಿನದ ಆಸೆ. ಅವರನ್ನು ತಡೆದಿದ್ದುದು ತಾಯಿಯ ಒಂದೇ ಮಾತು: "ಹಗೇವು ಇರೋಗಂಟ ಇದು ಮ್ಯೂಸಿಯಂ ಕಣೋ. ಅದು ಹೋದ್ಮೇಲೆ ನೀನುಂಟು ನಿನ್ನ ಶಟರ್ ಉಂಟು." ಹೀಗಾಗಿ ತಮ್ಮ ಜನ ಮುಚ್ಚಿದ್ದು ಬರೀ ಒಂದು ಗುಂಡಿಯನ್ನಲ್ಲ, ನಮ್ಮ ಮ್ಯೂಸಿಯಮ್ಮನ್ನೇ.

ತಪ್ಪಿನಲ್ಲಿ ನಮ್ಮ ಪಾಲೂ ಇದೆ. ನಮ್ಮ ಗೇಟಿನೆದುರು ರಸ್ತೆಯಲ್ಲಿ ಇನ್ನೊಂದು ಗುಂಡಿಯಿದೆ. ಬಿಟಿಎಂನಲ್ಲಿ ಬಾಡಿಗೆಗಿದ್ದು, ವಾರವಿಡೀ ಆಫೀಸಿನಲ್ಲಿ ದುಡಿದು, ರಜೆಯ ದಿನ ನಮ್ಮಲ್ಲಿ ಮಕ್ಕಳಿಗೆ ವಿವರಣೆ ಕೊಡುವ ಹುಬ್ಬಳ್ಳಿಯ ಸಿದ್ದಾರೂಢ ಅದರಲ್ಲಿ ಸ್ಕೂಟರ್ ಸಮೇತ ಬಿದ್ದ ಮೇಲೆ, "ಮ್ಯೂಸಿಯಂ ಬಳಿಯ ಗುಂಡಿಯನ್ನು ದಯಮಾಡಿ ಮುಚ್ಚಿಸಿ" ಎಂದು ತಮಗೆ ಮೇಲಿಂದ ಮೇಲೆ ಅರ್ಜಿ ಬರೆದವಳು ನಾನೇ. ಸೋಮವಾರ, ಮ್ಯೂಸಿಯಂಗೆ ರಜೆಯಿದ್ದ ದಿನ, ತಮ್ಮವರು ಬಂದರು. ರಸ್ತೆಯ ಗುಂಡಿಯ ಆಳ ಅಗಲ ಅವರಿಗೆ ತಿಳಿಯಲಿಲ್ಲ, ಯಾಕೆಂದರೆ ಅದರ ತುಂಬ ಮಳೆನೀರಿತ್ತು. ಗೇಟಿನ ಚಿಲಕ ತೆಗೆದು ಒಳಗೆ ನೋಡಿದರೆ ಇನ್ನೊಂದು ಗುಂಡಿ, ಪಕ್ಕದಲ್ಲೇ ಬೋರ್ಡು, ಬೋರ್ಡಿನ ಮೇಲೆ ಅಳತೆ! ಆಮೇಲೆ ನಾನು ವಿಚಾರಿಸಿದಾಗ ತಮ್ಮ ಮೇಸ್ತ್ರಿ ಹೇಳಿದ್ದೂ ಅದನ್ನೇ: "ಮೇಡಂ, ಅಳತೆ ಎಲ್ಲಾ ನೀವೇ ನೀಟಾಗಿ ಬರೆದಿಟ್ಟಿದ್ರಲ್ಲ, ಅದೇ ಅಂದ್ಕೊಂಡ್ವಿ." ಕಾಂಕ್ರೀಟ್ ಕಲಸಲು ನೀರನ್ನು ರಸ್ತೆಯ ಗುಂಡಿಯಿಂದಲೇ ಮೊಗೆದುಕೊಂಡರಂತೆ. ಸರ್ಕಾರಿ ಕೆಲಸದಲ್ಲಿ ಇಷ್ಟು ಮಿತವ್ಯಯವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಂಗಳವಾರ ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಅಂಗಳಕ್ಕೆ ಇಣುಕಿದ ಸಿದ್ದಾರೂಢನ ಫೋನು ಬಂತು: "ಮೇಡಂ, ಲಗೂನ ಬರ್ರೀ, ಹಗೇವದ ಬಾಯಾಗ ಕಾಂಕ್ರೀಟ್ ಹಾಕ್ಯಾರ್ರೀ!" ಹೋಗಿ ನೋಡಿದೆ. ತರಗತಿಯಲ್ಲಿ ಎಂದೂ ಅಳದವಳು ಆ ಅಂಗಳದಲ್ಲಿ ನಿಂತು ಅತ್ತೆ, ಇದನ್ನು ತಮ್ಮ ಕಡತದಲ್ಲಿ ಸೇರಿಸಿಕೊಳ್ಳಬಹುದು. ಅಲ್ಲಿಂದ ನೇರ ತಮ್ಮ ಕಚೇರಿಗೆ ಬಂದಾಗ ತಾವು ಕುರ್ಚಿ ಹಾಕಿಸಿ, ಚಹಾ ತರಿಸಿ, "ಕೆಲ್ಸ ಆಗಿದ್ಯಲ್ಲ ಮೇಡಂ, ಫೋಟೋನೂ ಇದೆ, ಇನ್ನೇನು ಕಂಪ್ಲೇಂಟು?" ಎಂದು ಕೇಳಿದ ಸೌಜನ್ಯವನ್ನು ಮರೆಯಲಾರೆ. ಆ ಜಾಗ ಈಗ ದಾಖಲೆಯಲ್ಲಿ ರಸ್ತೆಯಾದ್ದರಿಂದ ಅಗೆಯಲು ಅನುಮತಿ ಬೇಕು, ಅನುಮತಿ ಕೊಡಲು ಅದು ರಸ್ತೆಯಾಗಿರಬೇಕು, ಆದರೆ ಅದು ಗೌರಮ್ಮನವರ ಅಂಗಳ ಎಂದು ತಾವು ವಿವರಿಸಿದ್ದು ನನಗೆ ಮನೆ ಮುಟ್ಟುವವರೆಗೂ ಅರ್ಥವಾಗಲಿಲ್ಲ.

ಆದ್ದರಿಂದ ಎರಡು ಸಣ್ಣ ಕೋರಿಕೆಗಳು. ಅಂಗಳ ರಸ್ತೆಯಾಗಿರುವುದು ನಿಜವಾದರೆ ಬನಶಂಕರಿಗೆ ಹೋಗುವ ಒಂದು ಬಸ್ಸನ್ನಾದರೂ ಬೀಸುಕಲ್ಲಿನ ಪಕ್ಕದಿಂದ ಹಾಯಿಸಿಕೊಡಿ, ನೋಡಲು ಬರುವವರಿಗೆ ಅನುಕೂಲ. ಇನ್ನು ಗೇಟಿನೆದುರಿನ ಗುಂಡಿ ದಾಖಲೆಯ ಪ್ರಕಾರ ಮುಚ್ಚಿಹೋಗಿರುವುದರಿಂದ, ಇಲ್ಲದ ಆ ಗುಂಡಿಯನ್ನು ನಮ್ಮ ಮ್ಯೂಸಿಯಂಗೆ ದಾನವಾಗಿ ಬರೆದುಕೊಡಿ. ನಮ್ಮಲ್ಲಿರುವ ಕೆಲವು ವಸ್ತುಗಳಿಗಿಂತ ಅದಕ್ಕೇ ಹೆಚ್ಚು ಚರಿತ್ರೆಯಿದೆ. ಬೋರ್ಡು ನಾವೇ ಹಾಕಿಸುತ್ತೇವೆ. ಈ ಸಲ ಅಳತೆ ಬರೆಯುವುದಿಲ್ಲ.

ಗುರುವಾರ ದಿನೇಶ್ ಶಟರಿನವನನ್ನು ಕರೆತಂದು ಅಂಗಳದಲ್ಲಿ ಟೇಪು ಹಿಡಿಸಿದರು. ನಾವು ಬೀಸುಕಲ್ಲನ್ನು ಯಾರ ಮನೆಗೆ ಸಾಗಿಸುವುದೆಂದು ಮಾತಾಡುತ್ತಿದ್ದೆವು. ಗೌರಮ್ಮನವರು ಬಂದು, ತಮ್ಮ ಇಲಾಖೆಯ ಕಾಂಕ್ರೀಟಿನ ಮೇಲೆ ಕೋಲು ಕುಟ್ಟಿ ನೋಡಿ ಮಗನನ್ನು ಕೇಳಿದರು: "ಏನೋ ಅಳೀತಿದ್ದೀಯ?"

"ಹಗೇವು ಮುಚ್ಚೋಯ್ತಲ್ಲಮ್ಮ. ನೀನೇ ಹೇಳಿದ್ದೆ."

"ಹೋದ್ಮೇಲೆ ಅಂದಿದ್ದೆ ಕಣೋ, ಮುಚ್ಚಿದ್ಮೇಲೆ ಅಂದಿದ್ನಾ? ಹಗೇವು ಇರೋದೇ ಮುಚ್ಚಿಡೋಕೆ. ನಿಮ್ಮಪ್ಪ ಸುಗ್ಗಿ ಆದ್ಮೇಲೆ ಇನ್ನೇನು ಮಾಡ್ತಿದ್ರು? ಒಳಗೆ ರಾಗಿ ಐತೆ. ಟೇಪು ಸುತ್ತು."

ದಿನೇಶ್ ಟೇಪು ಸುತ್ತಿದರು. ನಾವು ಬೀಸುಕಲ್ಲನ್ನು ಇದ್ದಲ್ಲಿಯೇ ಬಿಟ್ಟೆವು. ಹಾಕಬೇಕಿದ್ದ ಚಪ್ಪಡಿಯನ್ನು ತಾವೇ ಹಾಕಿಕೊಟ್ಟಂತಾಯಿತು, ಅದಕ್ಕೂ ಪ್ರತ್ಯೇಕ ವಂದನೆಗಳು.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ ಎಂದೇ ಸಹಿ ಹಾಕುತ್ತಿರುವ,
ಉಮಾಮಹೇಶ್ವರಿ
ಜರಗನಹಳ್ಳಿ ಗ್ರಾಮಚರಿತ್ರೆ ಮ್ಯೂಸಿಯಂನ ಸ್ವಯಂಸೇವಕರ ಪರವಾಗಿ

ಮರೆತ ಮಾತು: ಅಗೆಯುವ ಅನುಮತಿಗೆ ಅರ್ಜಿ ಹಾಕುವ ಯೋಚನೆ ಬಿಟ್ಟಿದ್ದೇವೆ. ಹಗೇವಿನ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ ಎನ್ನುತ್ತಾರೆ ಗೌರಮ್ಮ. ತಮ್ಮ ಗುತ್ತಿಗೆದಾರರ ಕಾಂಕ್ರೀಟನ್ನು ನಮ್ಮ ಬಡಾವಣೆ ಬಲ್ಲದು, ದೀಪಾವಳಿಯ ಹೊತ್ತಿಗೆ ತಾನಾಗಿಯೇ ಎದ್ದು ಬರುತ್ತದೆ. ಅಂದು ಮುದ್ದೆ ಊಟಕ್ಕೆ ತಾವು ತಪ್ಪದೆ ಬರಬೇಕು. ಗೇಟಿನ ಮುಂದೆ ಜೀಪಿನಿಂದ ಇಳಿಯುವಾಗ ಜೋಪಾನ, ದಾಖಲೆಯಲ್ಲಿ ಇಲ್ಲದ ಗುಂಡಿಯೊಂದು ಅಲ್ಲಿದೆ.