ಉಂಗುರಗಳಿಗೆ ಗಾಳಿ, ಬೀಗರಿಗೆ ಬೆವರು

ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಬೇಕಾದರೆ ಬೇಸಿಗೆಯಲ್ಲಿ ಫ್ಯಾನು ಯಾರ ಕಡೆ ತಿರುಗಿದೆ ನೋಡಬೇಕು. ನಮ್ಮ ಮನೆಯಲ್ಲಿ ಅದು ಕಂಪ್ಯೂಟರಿನ ಕಡೆ ತಿರುಗಿತ್ತು. ಮಿರಜಿನ ನಮ್ಮ ಹಳೆಯ ವಾಡೆಮನೆಯಲ್ಲಿ ಗಾಳಿ ಕರೆಯದೆ ಬರುತ್ತಿತ್ತು. ಅದನ್ನು ಬಿಲ್ಡರನಿಗೆ ಕೊಟ್ಟು ಅಲ್ಲೇ ಫ್ಲ್ಯಾಟು ತೆಗೆದುಕೊಂಡೆವು. ಇಲ್ಲಿ ನಳವಿದೆ, ಟೈಲ್ಸ್ ಇದೆ, ಗಾಳಿಯಿಲ್ಲ. ನನಗೇನೂ ದುಃಖವಿಲ್ಲ, ವಾಡೆಗೆ ಇಲಿಗಳೂ ಕರೆಯದೆ ಬರುತ್ತಿದ್ದವು.

ಮೊಮ್ಮಗಳು ಪದ್ಮಜಾ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಕಬ್ಬಿನ ಸಿಪ್ಪೆ ಗಟ್ಟಿಯಾಗಿರುವುದು ಲಿಗ್ನಿನ್ ಎಂಬ ಅಂಟಿನಿಂದಂತೆ. ಅದರೊಳಗೆ ಪರಮಾಣುಗಳ ಆರು ಮೂಲೆಯ ಉಂಗುರಗಳು. ಅವು ರೊಟ್ಟಿಯಂತೆ ಒಂದರ ಮೇಲೊಂದು ಮಲಗುತ್ತವೋ, ಒಂದರ ಹೊಟ್ಟೆಗೆ ಇನ್ನೊಂದು ಅಂಚು ಕೊಟ್ಟು ನಿಲ್ಲುತ್ತವೋ ಎಂದು ಕಂಪ್ಯೂಟರು ಹಗಲೂ ರಾತ್ರಿ ಲೆಕ್ಕ ಹಾಕುತ್ತದೆ. ನಾನೂ ಪರದೆಯ ಮೇಲೆ ನೋಡಿದೆ. ಹತ್ತಿರ ಬರುತ್ತವೆ, ನಡುಗುತ್ತವೆ, ದೂರ ಸರಿಯುತ್ತವೆ. ನಮ್ಮ ಮನೆತನದ ಮದುವೆಗಳೂ ಹಾಗೇ.

ಪದ್ಮಜಾಳನ್ನು ನೋಡಲು ಮಾಧವನಗರದಿಂದ ಹುಡುಗನೂ ಅವನ ತಾಯಿಯೂ ಬರುವ ದಿನ ಹಾಲ್‌ನ ಫ್ಯಾನು ರಿಪೇರಿಗೆ ಹೋಗಿತ್ತು. ಕಂಪ್ಯೂಟರಿನ ಮುಂದಿನ ಟೇಬಲ್ ಫ್ಯಾನು ಕೊಡು ಎಂದು ಮೊಮ್ಮಗಳಿಗೆ ಹೇಳಿದೆ.

"ಕೊಡಂಗಿಲ್ಲ ಆಯಿ. ಕಾದ್ರ ಮಷೀನ್ ನಿಂತಬಿಡ್ತೈತಿ, ಮತ್ತ ಮೊದಲಿಂದ ಹಚ್ಚಬೇಕು. ನಾಳೆ ಸರ್‌ಗೆ ತೋರಸೂದೈತಿ."

"ಕಬ್ಬಿನ ಸಿಪ್ಪಿ ನಿನ್ನ ಲಗ್ನಾ ಮಾಡಸ್ತೈತೇನು?"

"ಬಂದವರಿಗೆ ಬೀಸಣಿಗಿ ಕೊಡು."

ಹುಡುಗನ ತಾಯಿ ಅವಲಕ್ಕಿಯ ಪೋಹೆ ತಿನ್ನುತ್ತಾ ಸೆರಗಿನಿಂದ ಮುಖ ಒರೆಸಿಕೊಂಡರು. ತೆರೆದ ಬಾಗಿಲಿನಿಂದ ಒಳಕೋಣೆ ಕಾಣುತ್ತಿತ್ತು. "ಅಗೋ ಬಾಯಿ, ಎಷ್ಟ ಶೆಕಿ! ಆ ಫ್ಯಾನ್ ಇತ್ತಾಗ ತಿರಗಸ್ರಿ. ಡಬ್ಬಿಗೇನ ಬೆವರ ಬರ್ತೈತಿ?"

ಪದ್ಮಜಾ ನನ್ನ ಮುಖ ನೋಡಿದಳು. ಬೆಳಗಿನಿಂದ ಅವಳೊಂದಿಗೆ ಜಗಳವಾಡಿದ್ದ ನನ್ನ ಬಾಯಿ ಪಕ್ಷ ಬದಲಿಸಿತು. "ಡಬ್ಬಿ ಅಲ್ರಿ, ಆಕಿ ಕೆಲಸ. ಸಂಜಿತನಕಾ ಫ್ಯಾನ್ ಅದರದ. ನಿಮಗ ನಾ ಬೀಸ್ತೀನಿ, ಕುಂದ್ರಿ."

ಬೀಸಿದೆ. ಹುಡುಗ ಚಹಾ ಹಿಡಿದುಕೊಂಡು ಎದ್ದು ಒಳಹೋಗಿ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಕುಳಿತ. ಲಿಗ್ನಿನ್ ಮೇಲಿನ ಪ್ರೀತಿಯೋ, ಗಾಳಿಯ ಮೇಲಿನದೋ!

"ಸಂಜಿಗೆ ಖರೇನ ಮುಗೀತೈತೇನ್ರಿ?" ಎಂದ.

"ನೀವು ಗಾಳಿಗೆ ಅಡ್ಡ ಕುಂತ್ರ ಮುಗ್ಯಂಗಿಲ್ರಿ. ಆಚಿಕಡೆ ಸರೀರಿ," ಎಂದಳು ಇವಳು.

ಚಹಾ ಸಮೇತ ಆಚೆ ಸರಿದ. ಹುಡುಗ ನನಗೆ ಹಿಡಿಸಿದ.

ಲೆಕ್ಕ ಸಂಜೆಗೆ ಮುಗಿಯಿತು. ಮಾಧವನಗರದಿಂದ ನಿರೋಪ ಬಂತು: "ಹುಡುಗಿ ಪಸಂದ ಅದಾಳ. ಮುಂದಿನ ಮಾತಿಗೆ ಥಂಡಿಯೊಳಗ ಬರ್ತೀವಿ."

ಈಗ ಥಂಡಿ. ನಾಳೆ ಬೀಗರು ಬರುತ್ತಾರೆ. ಪದ್ಮಜಾ ಇನ್ನೂ ದೊಡ್ಡ ಲೆಕ್ಕ ಹಚ್ಚಿದ್ದಾಳೆ. ಕಂಪ್ಯೂಟರಿನ ಬೆನ್ನಿನಿಂದ ಒಳ್ಳೆಯ ಬಿಸಿಗಾಳಿ ಬರುತ್ತದೆ. ಅದಕ್ಕೆ ಮೊಣಕಾಲು ಕೊಟ್ಟು ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಬೀಗರ ಕುರ್ಚಿಗಳನ್ನು ಹಾಲ್‌ನಲ್ಲಿ ಹಾಕಿಸಿದ್ದೇನೆ. ಈ ಜಾಗ ಮಾತ್ರ ಯಾರಿಗೂ ಕೊಡುವುದಿಲ್ಲ.