ಹುಟ್ಟಿನಿಂದಲೂ ಜಡತ್ವ

ಆ ದಿನದ ಅನಾಹುತಕ್ಕೆಲ್ಲ ಕಾರಣ ಮೂರು ಹನಿ ಎಣ್ಣೆ. ಎರಡಲ್ಲ, ನಾಲ್ಕಲ್ಲ, ಮೂರೇ. ಭೌತಶಾಸ್ತ್ರದ ಉಪನ್ಯಾಸಕರು ಎಣಿಸಿಯೇ ಬಿಟ್ಟಿದ್ದರು.

ಎಣಿಸದೆ ಮಾಡಿದ ಕೆಲಸ ಅವರ ಜೀವನದಲ್ಲಿ ಯಾವುದೂ ಇರಲಿಲ್ಲ. ಗಂಟೆ ಎಷ್ಟೆಂದರೆ ಸೆಕೆಂಡು ಸಹಿತ ಹೇಳುವರು. ಬಸ್ ನಿಲ್ದಾಣ ಎಷ್ಟು ದೂರವೆಂದರೆ ಹೆಜ್ಜೆಗಳನ್ನು ಮೀಟರಿಗೆ ಇಳಿಸಿ ಹೇಳುವರು. ವಿದ್ಯಾರ್ಥಿಗಳು ಅವರಿಗೆ 'ದಶಮಾಂಶ' ಎಂದು ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದಾಗ ಅವರು ಬೇಸರಪಡಲಿಲ್ಲ. ಎಷ್ಟನೆಯ ಸ್ಥಾನದವರೆಗೆ ಎಂದು ಮಾತ್ರ ಯೋಚಿಸಿದರು.

ಫಿಸಿಯೋಥೆರಪಿ ಕಲಿಯುವ ಹನ್ನೆರಡು ಮಂದಿಗೆ ಚಲನೆ, ಬಲ, ಸಂವೇಗಗಳನ್ನು ಕಲಿಸುವುದು ಅವರ ಕೆಲಸ. 'ಮೊಣಕಾಲು ಮಡಿಸಲು ಹೇಳಿಕೊಡುವವರಿಗೆ ಇದೆಲ್ಲ ಯಾಕೆ ಸಾರ್?' ಎಂದು ಆ ಹನ್ನೆರಡು ಮಂದಿ ಸರದಿಯ ಮೇಲೆ ಕೇಳುತ್ತಿದ್ದರು. ಹುದ್ದೆ ಮೂರು ವರ್ಷದಿಂದ ತಾತ್ಕಾಲಿಕ. ಇಂದು ಹನ್ನೊಂದು ಗಂಟೆಗೆ ಪರಿವೀಕ್ಷಕರು ಬಂದು ಪಾಠ ನೋಡುವವರಿದ್ದರು. ಮೆಚ್ಚಿದರೆ ಹುದ್ದೆ ಕಾಯಂ. ಇಲ್ಲದಿದ್ದರೆ ಇನ್ನೊಂದು ವರ್ಷ ತಾತ್ಕಾಲಿಕ.

ಹೆಂಡತಿಯ ಹೊಲಿಗೆ ಯಂತ್ರದ ಡ್ರಾಯರಿನಿಂದ ಎಣ್ಣೆಯ ಪುಟ್ಟ ಬಾಟಲಿಯನ್ನು ಜೇಬಿಗಿಳಿಸುವಾಗಲೇ ಅವರು ಸಿಕ್ಕಿಬಿದ್ದರು.

"ಮಿಷನ್ ಎಣ್ಣೆ ಯಾಕ್ರೀ?"

"ವೀಲ್‌ಚೇರಿಗೆ. ಇವತ್ತಿನ ಪ್ರಯೋಗಕ್ಕೆ ಘರ್ಷಣೆ ಕಡಿಮೆ ಆಗ್ಬೇಕು."

"ಹಾಗಾದ್ರೆ ಒಂದು ಹನಿ ನಾಲಿಗೆಗೂ ಹಚ್ಕೊಳ್ಳಿ. ನಿಮಗೆ ಜನರ ಜೊತೆ ಘರ್ಷಣೆ ಆಗೋದೆಲ್ಲ ಅಲ್ಲೇ. ಇವತ್ತೊಂದು ದಿನ ಯಾರು ಏನೇ ಕೇಳಲಿ, ಹೌದು ಇಲ್ಲ ಅಂದು ಸುಮ್ನಿದ್ಬಿಡಿ. ವಿವರಣೆ ಬೇಡ."

"ಕೆಲವು ಪ್ರಶ್ನೆಗೆ ಹೌದು ಇಲ್ಲ ಅನ್ನೋ ಉತ್ತರ ಸಾಕಾಗಲ್ಲ ಕಣೇ. ಉದಾಹರಣೆಗೆ—"

"ಶುರುವಾಯ್ತು," ಎಂದು ಆಕೆ ಒಳಗೆ ಹೋದರು.

ಪ್ರಯೋಗ ಸರಳವಾಗಿತ್ತು. ಉಪನ್ಯಾಸಕರು ಗಾಲಿಕುರ್ಚಿಯಲ್ಲಿ ಕೂರುವುದು; ವ್ಯಾಯಾಮದ ಐದು ಕಿಲೋ ಚೆಂಡನ್ನು ಮುಂದಕ್ಕೆ ಎಸೆಯುವುದು; ಚೆಂಡು ಮುಂದೆ ಹೋದಂತೆ ಕುರ್ಚಿ ತುಸು ಹಿಂದೆ ಸರಿಯುವುದು. ಕ್ರಿಯೆ, ಪ್ರತಿಕ್ರಿಯೆ, ಸಂವೇಗ, ಎಲ್ಲವೂ ಒಂದೇ ಏಟಿಗೆ. ತಮ್ಮ ಅರವತ್ತೆರಡು ಕಿಲೋಗೆ ಕುರ್ಚಿಯ ಹದಿನೆಂಟನ್ನು ಕೂಡಿಸಿ, ಹಿಮ್ಮುಖ ವೇಗ ಸೆಕೆಂಡಿಗೆ ಇಪ್ಪತ್ತೈದು ಸೆಂಟಿಮೀಟರ್ ಎಂದು ಅವರು ಹಿಂದಿನ ದಿನವೇ ಲೆಕ್ಕ ಹಾಕಿದ್ದರು. ಒಂದು ಮಾರು ಸರಿದು ಕುರ್ಚಿ ನಿಲ್ಲಬೇಕು.

ಹತ್ತು ಗಂಟೆಗೆ ಪೂರ್ವಾಭ್ಯಾಸ. ಗಾಲಿಗಳ ಅಚ್ಚಿಗೆ ಮೂರು ಹನಿ ಎಣ್ಣೆ ಬಿಟ್ಟು, ಬಾಗಿಲಿಗೆ ಬೆನ್ನು ಮಾಡಿ ಕುಳಿತು, ಅವರು ಕಟ್ಟಪ್ಪಣೆ ಹೊರಡಿಸಿದರು. "ಪ್ರಯೋಗ ಮುಗೀತು ಅಂತ ನಾನು ಹೇಳೋ ತನಕ ಯಾರೂ ನನ್ನನ್ನ ಮುಟ್ಟಬಾರದು, ನಡುವೆ ಬಾಯಿ ಹಾಕಬಾರದು. ಹೊರಗಿನ ಬಲ ಬಿದ್ದರೆ ಪ್ರಯೋಗ ಕೆಟ್ಟ ಹಾಗೆ. ನೋಡಿ, ಅಳೆಯಿರಿ, ಬರ್ಕೊಳ್ಳಿ. ಅಷ್ಟೇ."

"ನೀವು ಬಿದ್ರೆ ಸಾರ್?" ಎಂದಳು ಮೊದಲ ಬೆಂಚಿನ ಹುಡುಗಿ. ಅವಳು ತರಗತಿಯ ನಾಯಕಿ.

"ಎಷ್ಟು ವೇಗದಲ್ಲಿ ಬಿದ್ದೆ ಅಂತ ಬರ್ಕೊಳ್ಳಿ."

ಚೆಂಡು ಮುಂದೆ ಹೋಯಿತು. ಕುರ್ಚಿ ಹಿಂದೆ ಹೊರಟಿತು. ಒಂದು ಮಾರು ಸರಿಯಿತು, ನಿಲ್ಲಲಿಲ್ಲ. ನೆಲ ತೊಳೆದ ನೀರು ಹರಿದುಹೋಗಲೆಂದು ಗಾರೆಯವನು ಆ ಕೋಣೆಗೆ ಬಾಗಿಲ ಕಡೆ ವಾಟ ಕೊಟ್ಟಿದ್ದ. ಗಾರೆಯವನ ಲೆಕ್ಕ ಉಪನ್ಯಾಸಕರ ಲೆಕ್ಕದಲ್ಲಿ ಸೇರಿರಲಿಲ್ಲ.

"ಬ್ರೇಕು, ಬ್ರೇಕು!" ಎಂದು ಅವರು ಕೂಗಿದರು. ಬ್ರೇಕಿಗೂ ಎಣ್ಣೆ ಇಳಿದಿತ್ತು. ಹನ್ನೆರಡು ಮಂದಿ 'ಬ್ರೇಕು' ಎಂದು ಬರೆದುಕೊಂಡರು.

ಬಾಗಿಲು ದಾಟಿದರೆ ಓಣಿ. ಓಣಿಯ ತುದಿಗೆ ಪಕ್ಕದ ಆಸ್ಪತ್ರೆಗೆ ಇಳಿಯುವ ಇಳಿಜಾರು. ರಕ್ತ ಕಂಡರೆ ತಲೆ ಸುತ್ತುವ ಉಪನ್ಯಾಸಕರು ಮೂರು ವರ್ಷದಲ್ಲಿ ಒಮ್ಮೆಯೂ ಆ ಇಳಿಜಾರಿನಲ್ಲಿ ಕಾಲಿಟ್ಟಿರಲಿಲ್ಲ. ಈಗಲೂ ಕಾಲಿಡಲಿಲ್ಲ, ಗಾಲಿಗಳೇ ಕರೆದೊಯ್ದವು. ಹಿಂದುಮುಂದಾಗಿ, ಹರಕೆ ತಪ್ಪಿಸಿಕೊಂಡ ಕುರಿಯ ವೇಗದಲ್ಲಿ ಇಳಿದು, ಒಗೆಯಲು ಹೊರಟಿದ್ದ ಹೊದಿಕೆಗಳ ಗಾಡಿಗೆ ಅವರು ಢಿಕ್ಕಿ ಹೊಡೆದರು. ಆ ರಭಸಕ್ಕೆ ಕುರ್ಚಿ ಗಿರ್ರನೆ ತಿರುಗಿ ಮೊಣಕಾಲು ಗಾಡಿಯ ಕಬ್ಬಿಣಕ್ಕೆ ಬಡಿಯಿತು. ಎರಡು ಹೊದಿಕೆ ತಲೆಯಿಂದ ಪಾದದವರೆಗೆ ಮುಚ್ಚಿಕೊಂಡವು. ಬಲಗಾಲಿನ ಚಪ್ಪಲಿ ತನ್ನ ಜಡತ್ವಕ್ಕನುಗುಣವಾಗಿ ಚಲನೆಯನ್ನು ಮುಂದುವರಿಸಿ ಕಣ್ಮರೆಯಾಯಿತು.

"ಯಾರಪ್ಪಾ ಇದು, ಪೇಷೆಂಟನ್ನ ಇಳಿಜಾರಲ್ಲಿ ಬಿಟ್ಟು ಹೋದೋರು!" ಎಂದು ವಾರ್ಡಿನ ಅಟೆಂಡರ್ ಓಡಿಬಂದ. ಮೂವತ್ತು ವರ್ಷ ರೋಗಿಗಳನ್ನು ತಳ್ಳಿ ಅವನ ತೋಳುಗಳು ಬಾಗಿಲ ಚೌಕಟ್ಟಿನಂತಾಗಿದ್ದವು. "ಹೆದರ್ಬೇಡಿ ಸ್ವಾಮಿ. ಇಳಿಜಾರಲ್ಲಿ ಪೇಷೆಂಟಿನ ಬೆನ್ನ ಕಡೆ ಆಳು ಇಲ್ದೆ ಗಾಡಿ ಬಿಡಬಾರದು. ಓದಿದೋರಿಗೆ ಇದೊಂದು ಗೊತ್ತಾಗಲ್ಲ."

"ನಾನು ಪೇಷೆಂಟ್ ಅಲ್ಲ, ಉಪನ್ಯಾಸಕ."

"ಆಗಲಿ, ಆಗಲಿ. ಹೋದ ತಿಂಗಳು ಒಬ್ರು ಮಂತ್ರಿ ಅಂತಿದ್ರು. ಪೂರ್ತಿ ಗುಣ ಆಗಿ ಮನೆಗೆ ಹೋದ್ರು."

ಹಿಂದೆಯೇ ಹನ್ನೆರಡು ಮಂದಿ ಬಿಳಿ ಕೋಟು ತೊಟ್ಟು, ನೋಟ್‌ಬುಕ್ಕು, ಅಳತೆ ಪಟ್ಟಿ ಹಿಡಿದು ಮೌನವಾಗಿ ನಡೆದುಬಂದರು. ಬೇರೆಲ್ಲಾದರೂ ಆಗಿದ್ದರೆ ಜನ ತಿರುಗಿ ನೋಡುತ್ತಿದ್ದರು. ಆಸ್ಪತ್ರೆಯಲ್ಲಿ ಒಬ್ಬ ರೋಗಿಯ ಹಿಂದೆ ಹನ್ನೆರಡು ಬಿಳಿ ಕೋಟು ನಡೆಯುವುದು ದಿನನಿತ್ಯದ ನೋಟ.

"ಬೇಕಾದ್ರೆ ಅವರನ್ನ ಕೇಳಿ, ನನ್ನ ವಿದ್ಯಾರ್ಥಿಗಳು!" ಎಂದರು ಉಪನ್ಯಾಸಕರು.

ಹನ್ನೆರಡು ಮಂದಿ ಮುಖ ಮುಖ ನೋಡಿಕೊಂಡರು. "ಯಾರೂ ಬಾಯಿ ಬಿಡಬೇಡ್ರೋ," ಎಂದು ನಾಯಕಿ ಪಿಸುಗುಟ್ಟಿದಳು. "ಪ್ರಯೋಗ ಮುಗೀತು ಅಂತ ಸಾರ್ ಇನ್ನೂ ಹೇಳಿಲ್ಲ. ನಮ್ಮನ್ನ ಪರೀಕ್ಷೆ ಮಾಡ್ತಿದ್ದಾರೆ."

ವಾರ್ಡಿನ ಹಿರಿಯ ಸಿಸ್ಟರ್ ಕೇಸ್ ಶೀಟು ತೆರೆದು ಕುಳಿತಿದ್ದರು. ಸ್ಥೂಲಕಾಯದವರು, ಅವರು ಕೂತರೆ ಕುರ್ಚಿ ಕಾಣುತ್ತಿರಲಿಲ್ಲ.

"ಏನಾಯ್ತು? ಯಾರಾದ್ರೂ ತಳ್ಳಿದ್ರಾ?"

'ಹೌದು ಇಲ್ಲ ಅಂದು ಸುಮ್ನಿದ್ಬಿಡಿ' ಎಂಬ ಮಾತು ಉಪನ್ಯಾಸಕರಿಗೆ ನೆನಪಾಯಿತು. ಆದರೆ ಪ್ರಶ್ನೆ ತಮ್ಮ ವಿಷಯಕ್ಕೇ ಸೇರಿದ್ದು. "ನಾನು ಚೆಂಡನ್ನ ತಳ್ಳಿದೆ. ಚೆಂಡು ನನ್ನನ್ನ ಅಷ್ಟೇ ಬಲದಿಂದ ತಳ್ಳಿತು."

ಸಿಸ್ಟರ್ ಒಮ್ಮೆ ಕಣ್ಣೆತ್ತಿ ನೋಡಿ ಬರೆದರು. "ಆಮೇಲೆ ಯಾಕೆ ನಿಲ್ಲಿಸ್ಕೊಳ್ಳಲಿಲ್ಲ?"

"ಜಡತ್ವ."

"ಎಷ್ಟು ದಿನದಿಂದ ಇದೆ?"

"ಹುಟ್ಟಿನಿಂದಲೂ ಇರುತ್ತೆ ಸಿಸ್ಟರ್. ಎಲ್ಲರಿಗೂ ಇರುತ್ತೆ. ನಿಮಗೂ ಇದೆ."

"ನನಗಾ?"

"ನಿಮಗೆ ಇನ್ನೂ ಜಾಸ್ತಿ. ದ್ರವ್ಯರಾಶಿ ಹೆಚ್ಚಿದ್ದಷ್ಟೂ ಜಡತ್ವ ಹೆಚ್ಚು."

ಅಟೆಂಡರ್ ಕೆಮ್ಮಿದ. ಸಿಸ್ಟರ್ ಪೆನ್ನನ್ನು ಒತ್ತಿ ಹಿಡಿದು, ಕೆಳಗಿನ ಎರಡು ಹಾಳೆಗೂ ಮೂಡುವಂತೆ ಬರೆದರು. "ತೂಕ?"

"ಆರುನೂರ ಏಳು ಪಾಯಿಂಟ್ ಆರು. ನ್ಯೂಟನ್."

"ಮೈಯಲ್ಲಿ ಬಲ ಇದೆಯಾ?"

"ಒಂದು ವಸ್ತುವಿನ ಒಳಗೆ ಬಲ ಅಂತ ಇರೋದಿಲ್ಲ ಸಿಸ್ಟರ್. ಅದು ಎರಡು ವಸ್ತುಗಳ ನಡುವೆ—"

"ಬಲ ಇಲ್ಲ," ಎಂದು ಸಿಸ್ಟರ್ ಗಟ್ಟಿಯಾಗಿ ಹೇಳಿಕೊಂಡು ಬರೆದು, ಕೆಳಗೆ ಅಡ್ಡಗೆರೆ ಎಳೆದರು.

ಮೂಳೆ ಡಾಕ್ಟರು ನಡೆಯುತ್ತಲೇ ಮೊಣಕಾಲು ಒತ್ತಿ, ಉಪನ್ಯಾಸಕರು ಕಿರುಚಿದ್ದನ್ನು ಕೇಳಿ, ಎಕ್ಸ್‌ರೇಗೆ ಬರೆದು, ಫಿಲ್ಮು ಬರುವ ತನಕ ಕಾಲನ್ನು ಎಳೆದು ಕಟ್ಟಿಡಲು ಹೇಳಿ ಮುಂದಿನ ಮಂಚಕ್ಕೆ ಹೋದರು. ಅಟೆಂಡರ್ ಎಕ್ಸ್‌ರೇ ತೆಗೆಸಿಕೊಂಡು ಬಂದು, ಕಾಲಿಗೆ ಪಟ್ಟಿ ಸುತ್ತಿ, ಹಗ್ಗವನ್ನು ರಾಟೆಯ ಮೇಲಿಂದ ಇಳಿಸಿ, ತುದಿಗೆ ಮರಳಿನ ಚೀಲ ತೂಗುಬಿಟ್ಟ. ಉಪನ್ಯಾಸಕರು ಮೆಲ್ಲಗೆ ಮಂಚದ ತುದಿಯ ಕಡೆ ಜಾರತೊಡಗಿದರು.

"ನಾನು ಜಾರ್ತಿದೀನಿ," ಎಂದರು ಅವರು. "ಇದನ್ನ ತಡೆಯೋಕೆ ಸಮಾನವಾದ, ವಿರುದ್ಧ ದಿಕ್ಕಿನ ಬಲ ಬೇಕು. ಯಾವುದಾದರೂ ಎರಡನೇ ರಾಟೆ ತಂದು—"

"ಅಯ್ಯೋ, ಸುಮ್ನಿರಿ ಸ್ವಾಮಿ." ಅಟೆಂಡರ್ ಮಂಚದ ಕಾಲ ಕಡೆಗೆ ಎರಡು ಮರದ ತುಂಡು ಕೊಟ್ಟು ಎತ್ತರಿಸಿದ. ಜಾರುವುದು ನಿಂತಿತು. "ನಿಮ್ಮ ಭಾರವೇ ನಿಮ್ಮನ್ನ ಹಿಂದಕ್ಕೆ ಹಿಡ್ಕೊಳ್ಳುತ್ತೆ."

ಐದು ವರ್ಷ ಭೌತಶಾಸ್ತ್ರ ಓದಿ, ಮೂರು ವರ್ಷ ಕಲಿಸಿದ ತಮಗೆ ಈ ಎರಡು ಮರದ ತುಂಡು ಹೊಳೆಯಲಿಲ್ಲವಲ್ಲ ಎಂದು ಉಪನ್ಯಾಸಕರು ತಲೆ ಕೆಳಗಾಗಿ ಯೋಚಿಸುತ್ತ ಮಲಗಿದರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆ, ನಾಲ್ಕು ನಿಮಿಷ, ಇಪ್ಪತ್ತು ಸೆಕೆಂಡು.

ಆಗಲೇ ವಾರ್ಡಿನ ಬಾಗಿಲಲ್ಲಿ ಪ್ರಾಂಶುಪಾಲರೂ ಪರಿವೀಕ್ಷಕರೂ ಕಾಣಿಸಿಕೊಂಡರು. ಖಾಲಿ ಕೋಣೆಯನ್ನೂ ಒಂದು ಚೆಂಡನ್ನೂ ನೋಡಿ, ಬಿಳಿ ಕೋಟುಗಳ ಜಾಡು ಹಿಡಿದು ಬಂದಿದ್ದರು. ಪ್ರಾಂಶುಪಾಲರ ಮುಖ ಸುಟ್ಟ ಬದನೆಕಾಯಿಯಾಗಿತ್ತು.

"ಏನಮ್ಮಾ ಇದು? ಪಾಠ ಬಿಟ್ಟು ಇಲ್ಲೇನು ಮಾಡ್ತಿದ್ದೀರಿ?" ಎಂದರು ಪರಿವೀಕ್ಷಕರು.

ನಾಯಕಿ ನೋಟ್‌ಬುಕ್ಕು ತೆರೆದಳು. ಸಾರ್ ಮಾತಿನ ನಡುವೆ ಬಾಯಿ ಹಾಕಬಾರದು ಎಂದಿದ್ದರೇ ಹೊರತು, ಪರಿವೀಕ್ಷಕರು ಕೇಳಿದರೆ ಹೇಳಬಾರದು ಎಂದಿರಲಿಲ್ಲ. "ಪಾಠ ನಡೀತಾನೇ ಇದೆ ಸಾರ್. ಹತ್ತು ಗಂಟೆ ಏಳು ನಿಮಿಷಕ್ಕೆ ಶುರುವಾಯ್ತು. ನಮ್ಮ ಸಾರ್ ಚೆಂಡು ಎಸೆದಾಗ ಕ್ರಿಯೆ, ಪ್ರತಿಕ್ರಿಯೆ. ಇಳಿಜಾರಲ್ಲಿ ವೇಗೋತ್ಕರ್ಷ. ಗಾಡಿಗೆ ಬಡಿದು ಅಂಟಿಕೊಂಡಾಗ ಸಂವೇಗ ಉಳೀತು, ಚಪ್ಪಲಿ ಉಳೀಲಿಲ್ಲ. ಈಗ ಸಮತೋಲ. ಈ ಮರಳಿನ ಚೀಲ ಎಳೆಯೋದಕ್ಕೂ ಸಾರ್ ಮೈಭಾರ ಹಿಂದಕ್ಕೆ ಎಳೆಯೋದಕ್ಕೂ ಸರಿಹೋಗಿದೆ. ರೋಗಿಯ ಮಂಚ ಯಾಕೆ ಎತ್ತರಿಸ್ತಾರೆ ಅಂತ ನಮಗೆ ಇವತ್ತು ಅರ್ಥ ಆಯ್ತು ಸಾರ್. ಭೌತಶಾಸ್ತ್ರ ಯಾಕೆ ಅನ್ನೋದೂ ಅರ್ಥ ಆಯ್ತು."

ಪರಿವೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. "ತರಗತಿಯಲ್ಲಿ ಮಲಗಿದ ಉಪನ್ಯಾಸಕರನ್ನ ಬೇಕಾದಷ್ಟು ನೋಡಿದ್ದೀನಿ. ಪಾಠಕ್ಕೋಸ್ಕರ ಮಲಗಿದವರನ್ನ ನೋಡಿದ್ದು ಇದೇ ಮೊದಲು." ಅಲ್ಲೇ ಮಂಚದ ಅಂಚಿಗೆ ಕಡತವಿಟ್ಟು 'ಕಾಯಂಗೊಳಿಸಬಹುದು' ಎಂದು ಬರೆದು ಸಹಿ ಮಾಡಿದರು.

"ನಾನು ಹೇಳಿರಲಿಲ್ವಾ ಸಾರ್, ನಮ್ಮ ಮೇಷ್ಟ್ರು ರತ್ನ ಅಂತ!" ಎಂದರು, ಏನನ್ನೂ ಹೇಳಿರದ ಪ್ರಾಂಶುಪಾಲರು. ಉಪನ್ಯಾಸಕರ ಕಣ್ಣೀರು, ತಲೆ ತಗ್ಗಿನಲ್ಲಿದ್ದುದರಿಂದ, ಹಣೆಯ ಕಡೆಗೆ ಹರಿಯಿತು.

"ಒಂದು ಸಣ್ಣ ಕಾಗದ ಬಾಕಿ," ಎಂದರು ಪರಿವೀಕ್ಷಕರು. "ಫಿಟ್ನೆಸ್ ಸರ್ಟಿಫಿಕೇಟು. ಇದೇ ಆಸ್ಪತ್ರೆಯದ್ದು ಆಗ್ಬೇಕು. ನೀವು ಹೇಗೂ ಇಲ್ಲೇ ಇದ್ದೀರಿ, ಐದು ನಿಮಿಷದ ಕೆಲಸ. ಇವತ್ತೇ ಕಡತದ ಜೊತೆ ಒಯ್ತೀನಿ."

ಅಷ್ಟರಲ್ಲಿ ಮರಳಿ ಬಂದ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. "ಮೊಣಕಾಲು ಪರವಾಗಿಲ್ಲ. ಬರೀ ಊತ." ಆಮೇಲೆ ಕೇಸ್ ಶೀಟು ಎತ್ತಿಕೊಂಡು ಓದುತ್ತ ಹೋದಂತೆ ಅವರ ಹುಬ್ಬು ಮೇಲೇರಿತು. "ಹುಟ್ಟಿನಿಂದಲೂ ಜಡತ್ವ. ಬಲ ಇಲ್ಲ. ತನ್ನ ತೂಕ ಆರುನೂರಕ್ಕೂ ಹೆಚ್ಚು ಎನ್ನುತ್ತಾನೆ. ಚೆಂಡು ತನ್ನನ್ನು ತಳ್ಳಿತು ಎನ್ನುತ್ತಾನೆ. ತಾನು ಉಪನ್ಯಾಸಕ ಎಂಬ ಭ್ರಮೆ ಇದೆ."

"ಕೊನೇದು ಭ್ರಮೆ ಅಲ್ಲ," ಎಂದರು ಪ್ರಾಂಶುಪಾಲರು.

"ಸರಿ, ಅದನ್ನ ಹೊಡೀತೀನಿ. ಉಳಿದದ್ದು?"

"ಅವರೇ ಬಾಯಾರೆ ಹೇಳಿದ್ದು ಡಾಕ್ಟ್ರೇ," ಎಂದರು ಸಿಸ್ಟರ್, ತಣ್ಣಗೆ. "ನನಗೂ ಇದೆ ಅಂದ್ರು. ಅದೂ ಜಾಸ್ತಿ ಇದೆ ಅಂದ್ರು."

"ಅದು ಭೌತಶಾಸ್ತ್ರದ ಮಾತು ಸಾರ್!" ಎಂದು ಉಪನ್ಯಾಸಕರು ಅಂಗಲಾಚಿದರು. "ನೀವೂ ಓದಿರ್ತೀರಿ."

"ಓದಿದ್ದೆ ಮೇಷ್ಟ್ರೇ. ಪರೀಕ್ಷೆ ಮುಗಿದ ಸಂಜೆಯೇ ಮರೆತೆ. ನೋಡಿ, ನನಗೂ ನಿಮಗೂ ತೊಂದರೆ ಬೇಡ. 'ನನಗೆ ಜಡತ್ವ ಇಲ್ಲ' ಅಂತ ಒಂದು ಸಾಲು ಬರೆದು ಸಹಿ ಹಾಕಿ. ಇಲ್ಲೇ ಸರ್ಟಿಫಿಕೇಟು ಕೊಡ್ತೀನಿ."

"ಬರೆದುಬಿಡ್ರೀ," ಎಂದರು ಪರಿವೀಕ್ಷಕರು. "ಮೂರೇ ಪದ," ಎಂದರು ಪ್ರಾಂಶುಪಾಲರು. ಅಟೆಂಡರ್ ಪೆನ್ನು ಕೈಗಿಟ್ಟು, ಕೇಸ್ ಶೀಟನ್ನು ಎದೆಯ ಮೇಲಿಟ್ಟು, "ಬರೀರಿ ಸ್ವಾಮಿ, ಪುಣ್ಯ ಬರುತ್ತೆ," ಎಂದ.

ಉಪನ್ಯಾಸಕರು 'ನನಗೆ' ಎಂದು ಬರೆದರು. 'ಜಡತ್ವ' ಎಂದು ಬರೆದರು. ಮೂರನೆಯ ಪದಕ್ಕೆ ಪೆನ್ನೆತ್ತಿದಾಗ ನಾಯಕಿ ಕೈ ಎತ್ತಿದಳು.

"ಸಾರ್, ಒಂದು ಡೌಟು. ನಿಮಗೆ ಜಡತ್ವ ಇಲ್ಲ ಅಂದ್ರೆ, ನೀವು ಹೇಳ್ಕೊಟ್ಟ ಮೊದಲನೇ ನಿಯಮ ತಪ್ಪಾ?"

ಹನ್ನೆರಡು ಪೆನ್ನುಗಳು ಹಾಳೆಯ ಮೇಲೆ ಕಾದವು. ಮೂರು ವರ್ಷದಲ್ಲಿ ಆ ತರಗತಿ ಕೇಳಿದ ಮೊದಲ ಒಳ್ಳೆಯ ಪ್ರಶ್ನೆ ಅದು. ಬೇರೆ ಯಾವ ದಿನ ಕೇಳಿದ್ದರೂ ಅವರು ಕುಣಿದಾಡುತ್ತಿದ್ದರು. ಉಪನ್ಯಾಸಕರು ಕಣ್ಣು ಮುಚ್ಚಿ, ಹೆಂಡತಿಯನ್ನು ನೆನೆದು, ನ್ಯೂಟನ್ನನನ್ನು ನೆನೆದು, ಬರೆದು ಮುಗಿಸಿದರು: 'ನನಗೆ ಜಡತ್ವ ಇದೆ. ದ್ರವ್ಯರಾಶಿ ಇರುವ ಎಲ್ಲಕ್ಕೂ ಇದೆ. ಡಾಕ್ಟರಿಗೂ ಇದೆ.'

ಡಾಕ್ಟರು ಓದಿ ನಿಟ್ಟುಸಿರುಬಿಟ್ಟು, ಕೆಳಗೆ ಬರೆದರು: 'ಸದ್ಯಕ್ಕೆ ಅನರ್ಹ. ಒಂದು ವರ್ಷದ ನಂತರ ಮರುಪರೀಕ್ಷೆ.' ಪರಿವೀಕ್ಷಕರು 'ಕಾಯಂಗೊಳಿಸಬಹುದು' ಎಂಬುದನ್ನು ಹೊಡೆದು 'ಇನ್ನೊಂದು ವರ್ಷ ತಾತ್ಕಾಲಿಕ' ಎಂದು ತಿದ್ದಿ, ವಿಷಾದದಿಂದ ಕಡತ ಕಟ್ಟಿಕೊಂಡು ಹೊರಟರು.

ಅಟೆಂಡರ್ ಕಾಲಿನ ಹಗ್ಗ ಬಿಚ್ಚಿ, ಉಪನ್ಯಾಸಕರನ್ನು ಅದೇ ಗಾಲಿಕುರ್ಚಿಯಲ್ಲಿ ಕೂರಿಸಿ, ಅದೇ ಇಳಿಜಾರನ್ನು ಏರಿಸಿ, ಅದೇ ಕೋಣೆಯಲ್ಲಿ, ಸೀಮೆಸುಣ್ಣದಿಂದ ಗುರುತು ಹಾಕಿದ್ದ ಅದೇ ಜಾಗಕ್ಕೆ ತಂದು, ಗಾಲಿಗೆ ಒಂದು ಮರದ ತುಂಡು ಕೊಟ್ಟು ನಿಲ್ಲಿಸಿ ಹೋದ. ವಿದ್ಯಾರ್ಥಿಗಳು ಸುತ್ತಲೂ ನಿಂತರು. ನಾಯಕಿ ಲೆಕ್ಕ ಮುಗಿಸಿ ತಲೆಯೆತ್ತಿದಳು.

"ಚಲಿಸಿದ ದೂರ ನಾನೂರ ಹನ್ನೆರಡು ಪಾಯಿಂಟ್ ಆರು ಮೀಟರ್ ಸಾರ್. ಹೊರಟಲ್ಲಿಗೇ ಬಂದದ್ದರಿಂದ, ಸ್ಥಾನಪಲ್ಲಟ ಸೊನ್ನೆ."

ತಮ್ಮ ಸ್ಥಾನದ ಬಗ್ಗೆ ಇಷ್ಟು ನಿಖರವಾಗಿ ಯಾರೂ ಹೇಳಿರಲಿಲ್ಲ. "ಸರಿಯಾದ ಉತ್ತರ," ಎಂದರು ಉಪನ್ಯಾಸಕರು. "ಪೂರ್ತಿ ಅಂಕ."

"ಹಾಗಾದ್ರೆ ಪ್ರಯೋಗ ಮುಗೀತಾ ಸಾರ್? ಈಗ ನಿಮ್ಮನ್ನ ಮುಟ್ಟಬಹುದಾ?"

"ಮುಗೀತಮ್ಮ. ಮುಟ್ಟಬಹುದು."

ಬೆಳಿಗ್ಗೆಯಿಂದ ತಡೆದಿಟ್ಟುಕೊಂಡಿದ್ದ ಪ್ರೀತಿಯೆಲ್ಲ ಒಮ್ಮೆಲೇ ಉಕ್ಕಿ, ಗುರುಗಳನ್ನು ಎತ್ತಿ ಬೆಂಚಿನ ಮೇಲೆ ಕೂರಿಸಲು ಇಪ್ಪತ್ತನಾಲ್ಕು ಕೈಗಳು ಮುಂದೆ ಬಂದವು. ಯಾರದೋ ಕಾಲು ತಗುಲಿ ಮರದ ತುಂಡು ಪಕ್ಕಕ್ಕೆ ಸರಿಯಿತು. ಬಾಗಿಲು ತೆರೆದೇ ಇತ್ತು. ಗಾರೆಯವನ ವಾಟ ಬದಲಾಗಿರಲಿಲ್ಲ. ಮೂರು ಹನಿ ಎಣ್ಣೆ ಇನ್ನೂ ಒಣಗಿರಲಿಲ್ಲ.

ನಾಯಕಿ ಮುಚ್ಚಿದ್ದ ನೋಟ್‌ಬುಕ್ಕನ್ನು ಮತ್ತೆ ತೆರೆದಳು.