ಹೇನಿನ ಕಡೆಯ ಬೀಗರು

ಒಂದು ತಾಸು ಕೇಳಿದರೆ ಸಾಕಾದೀತೇ? ಎರಡು ಕೇಳಿದರೆ ಹೊಡೆದಾರೇ? ಸಾವಳಗಿಯ ಶಂಕರೆಪ್ಪನ ಕಬ್ಬಿನ ಬದುವಿನ ಮೇಲೆ ನಿಂತು ಧಾರವಾಡದಿಂದ ಬಂದ ಹಾಲೇಶ ತೂಗಿ ನೋಡುತ್ತಿದ್ದ. ಎಲೆಗಳ ಕೆಳಗೆ ಬಿಳಿ ಉಣ್ಣೆ ಹೇನು ಹತ್ತಿ ಅಂಟಿಸಿದಂತೆ ಕೂತಿತ್ತು. ಆ ಹೇನಿನೊಳಗೆ ವಾಸಿಸುವ ಬ್ಯಾಕ್ಟೀರಿಯಾದ ಜೀನುಗಳನ್ನು ಬೇರೆ ಹೇನುಗಳೊಳಗಿನ ಬ್ಯಾಕ್ಟೀರಿಯಾದ ಜೀನುಗಳೊಂದಿಗೆ ಹೋಲಿಸುವುದೇ ಅವನ ಸಂಶೋಧನೆ. ಹೇನು ಜೀವಂತ ಬೇಕು, ಹಿಡಿಯಲು ತಾಸಾದರೂ ಬೇಕು. ಸುತ್ತಲಿನ ಹೊಲಗಳಲ್ಲೆಲ್ಲ ಔಷಧ ಹೊಡೆದಾಗಿತ್ತು, ಉಳಿದದ್ದು ಇದೊಂದೇ. ಇಲ್ಲೂ ಮುಯ್ಯಿಗೆ ಬಂದ ಆರು ಮಂದಿ ಬೆನ್ನಿಗೆ ಪಂಪು ಕಟ್ಟಿ ನಿಂತಿದ್ದರು. ಅವರ ಹೊಲಗಳಲ್ಲಿ ಶಂಕರೆಪ್ಪ ಹೊಡೆದು ಬಂದಿದ್ದ. ಇಂದು ಅವರ ಸರದಿ.

ಹಾಲೇಶ ಸಾಲಿಗೆ ಅಡ್ಡವಾಗಿ ಕೈಚಾಚಿ ನಿಂತ. "ನನ್ನ ಮ್ಯಾಲ ಹೊಡದು ಮುಂದ ಹೋಗ್ರಿ!"

"ಹೇನಿನ ಕಡೆ ಬೀಗರು ಬಂದಾರ ನೋಡ್ರಲೇ!" ಎಂದ ಆರು ಮಂದಿಯಲ್ಲೊಬ್ಬನಾದ ಚನಮಲ್ಲಪ್ಪ.

"ಅದರಾಗ ಅಂಥಾದ್ದೇನೈತಿ?" ಶಂಕರೆಪ್ಪ ಕೇಳಿದ.

"ಒಳಗೊಂದು ಜೀವ ಐತ್ರಿ. ಕೋಟಿಗಟ್ಟಲೆ ವರ್ಷದಿಂದ ಅಲ್ಲೇ ಉಂಡು, ಅಲ್ಲೇ ಇದ್ದು, ಹೊರಗ ಬದುಕಾಕ ಬೇಕಾದ್ದನ್ನೆಲ್ಲಾ ಕಳಕೊಂಡೈತಿ." ಯಾರಿಗೂ ತಿಳಿದಂತೆ ಕಾಣಲಿಲ್ಲ. ಹಾಲೇಶನಿಗೆ ಹೋಲಿಕೆಯೊಂದು ಹೊಳೆಯಿತು. "ಮನಿ ಅಳಿಯ ಇದ್ದಂಗ್ರಿ!"

ಬೆನ್ನ ಮೇಲಿನ ಪಂಪುಗಳು ಕುಲುಕುವಂತೆ ಆರೂ ಜನ ನಕ್ಕರು. ತಂಗೆವ್ವನನ್ನು ಮದುವೆಯಾಗಿ, ಬೀಳಗಿ ಬಿಟ್ಟು ಅವಳ ತವರಲ್ಲೇ ನೆಲೆನಿಂತಿದ್ದ ಶಂಕರೆಪ್ಪ ಮಾತ್ರ ನಗಲಿಲ್ಲ.

"ಒಳಗಿನಾಂವ ಇಲ್ದ ಹೇನು ಬದುಕತೈತೇನು?" ಮೆಲ್ಲಗೆ ಕೇಳಿದ.

"ಇಲ್ರಿ. ಅದಕ್ಕ ಬೇಕಾದ ಸತ್ವ ಮಾಡಿಕೊಡಾಂವ ಅವನ."

"ಹಂಗಾರ ನಮ್ಮ ಮನೀದೂ ನೋಡೇ ಬಿಡೂಣು!"

ಶಂಕರೆಪ್ಪ ಪಂಪು ಇಳಿಸಿ, ರುಮಾಲು ಕೊಡವಿ, ಬೀಳಗಿಯ ದಾರಿ ಹಿಡಿದ. ತಿರುಗಿಯೂ ನೋಡಲಿಲ್ಲ.

"ಮುಯ್ಯಿ ಶಂಕರೆಪ್ಪಂದು, ಹೊಲದ್ದಲ್ಲ," ಎಂದ ಚನಮಲ್ಲಪ್ಪ. ಪಂಪುಗಳನ್ನು ಇಳಿಸಿ ಆರೂ ಜನ ಮನೆಗೆ ನಡೆದರು.

ಹಾಲೇಶನಿಗೆ ಕುಣಿಯುವಷ್ಟು ಸಂತೋಷ. ಒಂದು ತಾಸಲ್ಲ, ಇಡೀ ದಿನ ಸಿಕ್ಕಿತ್ತು! ಆದರೆ ಹೇನು ತುಂಬಲು ಸೀಸೆ ತೆರೆಯುವಷ್ಟರಲ್ಲಿ ಬುತ್ತಿ ಹೊತ್ತು ತಂಗೆವ್ವ ಬಂದಳು. ನಡೆದದ್ದನ್ನು ಪೂರ್ತಿ ಕೇಳಿ ಬುತ್ತಿ ಇಳಿಸಿದಳು.

"ನನ್ನ ಗಂಡನ್ನ ಓಡಿಸಿದಾಂವ ನೀನ ಹೌದಿಲ್ಲೋ? ಏರ್ಸು ಪಂಪ್."

"ಅಕ್ಕಾರ, ಒಂದ್ ನಾಕ ಹೇನು..."

"ಒಂದು ಉಳದ್ರೂ ನಿನ್ನ ಉಳಸಂಗಿಲ್ಲ." ಅವನ ಸೀಸೆಯನ್ನೇ ಕಸಿದುಕೊಂಡು ಅದರಲ್ಲಿ ಔಷಧ ಅಳೆದಳು.

ಸಂಜೆಯವರೆಗೆ ಹಾಲೇಶ ತನ್ನ ಸಂಶೋಧನೆಯ ಮೇಲೆ ಸಾಲುಸಾಲಾಗಿ ಔಷಧ ಹೊಡೆದ. ತಂಗೆವ್ವ ಕುಡಗೋಲು ಹಿಡಿದು ಬದುವಿನ ಮೇಲೆ ಕೂತಿದ್ದಳು. ಸಾಲು ಮುಗಿದಾಗೊಮ್ಮೆ ಅದೇ ಪ್ರಶ್ನೆ: "ಮನಿ ಅಳಿಯನ ಕಷ್ಟ ನಿನಗೇನ ಗೊತ್ತೋ?"

ಹಾಲೇಶ ತಲೆ ತಗ್ಗಿಸಿ ಹಿಡಿಕೆ ಜಗ್ಗಿದ. ಧಾರವಾಡದಲ್ಲಿ ಐದು ವರ್ಷದಿಂದ ತಾನೂ ಹೆಂಡತಿಯ ತವರಲ್ಲೇ ಉಂಡು ಮಲಗುತ್ತಿರುವುದನ್ನು ಅವನು ಕೊನೆಗೂ ಹೇಳಲಿಲ್ಲ.